ಸೋಮವಾರದ ಬೀಜ

ಈಗ ಇದಕ್ಕೆ ಬಿಸಿನೆಸ್ ಅನಲಿಟಿಕ್ಸ್ ಎಂಬ ಹೆಸರಿದೆ. ಕಲಿಸಲು ಕಾಲೇಜುಗಳಿವೆ, ಕಲಿತು ಮುಗಿಸಿದವರಿಗೆ ಕೋಟು ಹಾಕಿಸಿ ಫೋಟೊ ತೆಗೆಯುತ್ತಾರೆ. ನಾನು ಮಾಡುತ್ತಿದ್ದ ಕಾಲಕ್ಕೆ ಈ ಕೆಲಸಕ್ಕೆ ಹೆಸರೇ ಇರಲಿಲ್ಲ. ಕುಂದಾಪುರದ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ‘ಕಂಪ್ಯೂಟರ್ ಉಡುಪರು’ ಎಂದರೆ ನಾನು, ಅಷ್ಟೆ. ನಿವೃತ್ತನಾದ ಮೇಲೆ ಪರಿಚಯದವರ ಮಕ್ಕಳು ಮನೆಗೆ ಬಂದು, ಈ ಲೈನಿಗೆ ಹೋಗಬಹುದಾ ಅಂಕಲ್ ಎಂದು ಕೇಳುತ್ತಾರೆ. ಹೋಗಿ, ಧಾರಾಳವಾಗಿ ಹೋಗಿ. ಅಲ್ಲಿ ಅಂಕಿಗಳಿಗಿಂತ ಹೆಚ್ಚಾಗಿ ಅಂಕಿ ನೋಡುವವರ ದಡ್ಡತನದ ಜೊತೆ ಏಗಬೇಕಾಗುತ್ತದೆ ಎಂಬುದನ್ನು ಮಾತ್ರ ಮೊದಲೇ ತಿಳಿದುಕೊಂಡು ಹೋಗಿ. ಕಾಲೇಜಿನವರು ಅದನ್ನು ಹೇಳುವುದಿಲ್ಲ, ಹೇಳಿದರೆ ಸೀಟು ತುಂಬುವುದಿಲ್ಲ.

1997ರಲ್ಲಿ ನಮ್ಮಲ್ಲಿಗೆ ಮೊದಲ ಕಂಪ್ಯೂಟರ್ ಬಂತು. ನಮ್ಮ ಮಾಲೀಕರನ್ನು ನಾವೆಲ್ಲ ಧಣಿಗಳು ಎಂದೇ ಕರೆಯುತ್ತಿದ್ದೆವು, ಇಲ್ಲಿಯೂ ಹಾಗೇ ಇರಲಿ. ಧಣಿಗಳು ಹಾಲಾಡಿಯ ಜೋಯಿಸರಲ್ಲಿ ಮುಹೂರ್ತ ಕೇಳಿ, ಎ.ಸಿ. ಕೋಣೆ ಕಟ್ಟಿಸಿ, ಹೊರಗೆ ಚಪ್ಪಲಿ ಬಿಡಲು ಗೆರೆ ಎಳೆಸಿ, ಕಂಪ್ಯೂಟರಿಗೆ ಹೂ ಮುಡಿಸಿ ಕುಂಕುಮ ಹಚ್ಚಿದರು. ಕುಂಕುಮ ಕಿಂಡಿಯೊಳಗೆ ಉದುರಿ ಫ್ಲಾಪಿ ಓಡದಂತಾಯಿತು. ಮಂಗಳೂರಿನಿಂದ ಮೆಕ್ಯಾನಿಕ್ ಬಂದು ಬಿಚ್ಚಿ ತೋರಿಸಿದರೂ ಧಣಿಗಳು ನಂಬಲಿಲ್ಲ, ಯಾರದೋ ದೃಷ್ಟಿ ತಾಗಿದೆ ಎಂದರು. ಮೊದಲ ವರ್ಷವಿಡೀ ನಮ್ಮ ಕೆಲಸವೆಂದರೆ ಗುಮಾಸ್ತರು ಕೈಯಲ್ಲಿ ಬರೆದದ್ದನ್ನು ನಾನು ಟೈಪ್ ಮಾಡುವುದು, ಅದನ್ನು ಪ್ರಿಂಟ್ ತೆಗೆಯುವುದು, ಪ್ರಿಂಟನ್ನು ಗುಮಾಸ್ತರು ಕೈಬರಹದ ಜೊತೆ ತಾಳೆ ನೋಡುವುದು. ಎರಡೂ ಹೊಂದದಿದ್ದರೆ ಕಂಪ್ಯೂಟರಿನದೇ ತಪ್ಪು. ಇದನ್ನು ಆಧುನೀಕರಣ ಎಂದು ಕರೆದು ಪತ್ರಿಕೆಯಲ್ಲಿ ಸುದ್ದಿ ಕೂಡ ಮಾಡಿಸಿದರು.

ಕಾರ್ಖಾನೆಯ ವಿಷಯ ಸ್ವಲ್ಪ ಹೇಳಬೇಕು. ನಮಗೆ ಮೂರು ಶೆಡ್ಡುಗಳು: ಕುಂದಾಪುರದಲ್ಲಿ ದೊಡ್ಡದು, ತೆಂಕಿಗೆ ಬ್ರಹ್ಮಾವರದಲ್ಲಿ ಒಂದು, ಬಡಗಿಗೆ ಬೈಂದೂರಿನಲ್ಲಿ ಒಂದು. ಬೀಜ ಬೇಯಿಸುವ ಬಾಯ್ಲರ್ ಕುಂದಾಪುರದಲ್ಲಿ ಮಾತ್ರ. ಸಿಪ್ಪೆ ಸಹಿತ ಬೀಜವನ್ನು ಹಬೆಯಲ್ಲಿ ಬೇಯಿಸಿ, ಆರಲು ಬಿಟ್ಟು, ಬೆಳಿಗ್ಗೆ ಲಾರಿಯಲ್ಲಿ ಮಿಕ್ಕ ಎರಡು ಶೆಡ್ಡಿಗೆ ಕಳಿಸುತ್ತಿದ್ದೆವು. ಅಲ್ಲಿ ಹೆಂಗಸರು ಕೈಗೆ ಎಣ್ಣೆ, ಬೂದಿ ಹಚ್ಚಿಕೊಂಡು ಕೂತು ಸಿಪ್ಪೆ ಕತ್ತರಿಸಿ ಒಳಗಿನ ಬಿಳಿ ಬೀಜ ತೆಗೆಯುವುದು. ಬೀಜ ಇಡಿಯಾಗಿ ಬಂದರೆ ಅದಕ್ಕೆ ರಾಜಮರ್ಯಾದೆ, ತುಂಡಾದರೆ ಬೇಕರಿಗೆ. ಕಾರ್ಖಾನೆ ನಡೆಯುವುದೂ ಮುಳುಗುವುದೂ ಈ ಇಡಿ ಮತ್ತು ತುಂಡಿನ ಲೆಕ್ಕದ ಮೇಲೆ.

ಆ ಲೆಕ್ಕವನ್ನು ನಾನು ಮೊದಲ ಸಲ ಗ್ರಾಫ್ ಮಾಡಿದಾಗ ಬ್ರಹ್ಮಾವರದ ಗೆರೆ ನೆಟ್ಟಗೆ ಇತ್ತು. ಮಳೆಗಾಲ, ಬೇಸಿಗೆ, ಊರಿನ ಬೀಜ, ಆಫ್ರಿಕಾದ ಬೀಜ, ಎಂತ ಬಂದರೂ ತುಂಡು ಅಷ್ಟಕ್ಕೆ ಅಷ್ಟೇ. ಧಣಿಗಳು, ಶಿಸ್ತು ಎಂದರೆ ಬ್ರಹ್ಮಾವರದ್ದು ಎಂದು ಹೊಗಳಿದರು. ನಾನು ಅಲ್ಲಿಗೆ ಹೋಗಿ ಶೆಡ್ಡಿನ ಲೆಕ್ಕ ಬರೆಯುವ ರೈಟರನ್ನು ಕೇಳಿದೆ. ಆತನಿಗೆ ಹೇಳಲು ಸಂಕೋಚವೂ ಇರಲಿಲ್ಲ.

“ಹೆಚ್ಚ್ ಬರ್ದ್ರೆ ಧಣಿಗಳ್ ಬೈತ್ರ್. ಕಡ್ಮಿ ಬರ್ದ್ರೆ ನಾಳೆಯೂ ಅಷ್ಟೇ ಬರ್ಕ್ ಅಂತ್ರ್. ದಿನಾ ಒಂದೇ ಬರ್ದ್ರೆ ಯಾರಿಗೂ ತೊಂದ್ರಿ ಇಲ್ಲೆ ಅಲ್ದಾ ಉಡುಪ್ರೆ?”

ಆಮೇಲೆ ತಕ್ಕಡಿಯ ಪಕ್ಕದಲ್ಲೇ ಕೂತು ತೂಕ ನೋಡಿ ಬರೆಯುವ ಪದ್ಧತಿ ಮಾಡಿಸಿದೆ. ಅದಕ್ಕೆ ಎಷ್ಟು ಜನರ ವೈರ ಕಟ್ಟಿಕೊಂಡೆ ಎಂದು ಹೇಳುತ್ತಾ ಕೂತರೆ ಈ ಬರಹ ಮುಗಿಯುವುದಿಲ್ಲ. ಅಲುಗಾಡದ ಅಂಕಿ ಕಂಡರೆ ಸಂತೋಷಪಡಬೇಡಿ, ಅದನ್ನು ಬರೆದವನ ಮುಖ ನೋಡಿ ಬನ್ನಿ. ನನಗೆ ಸಿಕ್ಕ ಬಡ್ತಿಗಳ ವಿಷಯ ಬಿಡುತ್ತೇನೆ, ಬಾಗಿಲ ಮೇಲಿನ ಫಲಕ ಬದಲಾಗುತ್ತಿತ್ತು, ಕುರ್ಚಿ ಮಾತ್ರ ಅದೇ ಇತ್ತು.

ನಿಜವಾದ ತೂಕ ಬರತೊಡಗಿದ ಮೇಲೆ ಬೈಂದೂರಿನ ಗ್ರಹಚಾರ ಶುರುವಾಯಿತು. ಬೇರೆ ಎರಡು ಶೆಡ್ಡಿಗಿಂತ ಅಲ್ಲಿ ತುಂಡು ಹೆಚ್ಚು. ಒಂದು ತಿಂಗಳಲ್ಲ, ಎರಡು ತಿಂಗಳಲ್ಲ, ಸೀಸನ್ನಿನ ಮೇಲೆ ಸೀಸನ್ನು ಹಾಗೆಯೇ. ಬೈಂದೂರಿನ ಹೆಂಗಸರ ಕೈ ಸಮ ಇಲ್ಲ ಎಂದು ಧಣಿಗಳು ಹೇಳಿದರು, ಮ್ಯಾನೇಜರು ಹೇಳಿದರು, ಕೊನೆಗೆ ಗೇಟಿನ ವಾಚ್‌ಮನ್ ಕೂಡ ಹೇಳತೊಡಗಿದ. ಅಲ್ಲಿ ಮೇಲ್ವಿಚಾರಣೆಗೆ ಇದ್ದದ್ದು ಜಲಜಕ್ಕ. ಶೆಡ್ಡು ಶುರುವಾದಾಗ ಒಳಗಿನ ಊರುಗಳ ಮನೆ ಮನೆಗೆ ನಡೆದು ಹೋಗಿ, ಗಂಡಂದಿರನ್ನೂ ಅತ್ತೆಯಂದಿರನ್ನೂ ಒಪ್ಪಿಸಿ, ಹೆಂಗಸರನ್ನು ಕರೆತಂದು ಕೆಲಸ ಕಲಿಸಿದವರು ಅವರೇ. ತುಂಡಿನ ನೆಪದಲ್ಲಿ ಧಣಿಗಳು ಶೆಡ್ಡು ಮುಚ್ಚಿದರೆ ಆ ಹೆಂಗಸರು ಎರಡೆರಡು ಬಸ್ಸು ಹಿಡಿದು ಕುಂದಾಪುರಕ್ಕೆ ಬರುವ ಹಾಗಿರಲಿಲ್ಲ. ಮನೆಯಲ್ಲಿ ಕೂರಬೇಕು, ಮತ್ತೆ ಉಪ್ಪಿಗೂ ಸೋಪಿಗೂ ಗಂಡನ ಮುಖ ನೋಡಬೇಕು. ಜಲಜಕ್ಕನಿಗೆ ಬೇರೆ ಯಾವ ಚಿಂತೆಯೂ ಇರಲಿಲ್ಲ, ಇದೊಂದೇ.

ಧಣಿಗಳು ಬೆಂಗಳೂರಿನಿಂದ ಒಬ್ಬ ಕನ್ಸಲ್ಟೆಂಟನ್ನು ಕರೆಸಿದರು. ಸಂದೀಪ್ ಎಂದು ಹೆಸರು. ನನ್ನಲ್ಲಿದ್ದ ಅಂಕಿಅಂಶವನ್ನೆಲ್ಲ ಸಿ.ಡಿ.ಯಲ್ಲಿ ಹಾಕಿಸಿಕೊಂಡು ಲಾಡ್ಜಿನ ಕೋಣೆ ಸೇರಿದ. ಬೈಂದೂರಿನ ಶೆಡ್ಡಿಗೆ ಒಂದೇ ಒಂದು ಸಲ ಬಂದ, ಸಿಪ್ಪೆ ಎಣ್ಣೆಯ ವಾಸನೆಗೆ ಮೂಗಿಗೆ ಕರ್ಚೀಫು ಹಿಡಿದು ಬಾಗಿಲಲ್ಲೇ ನಿಂತು, ಐ ಸೀ, ಐ ಸೀ ಎಂದು ಹೇಳಿ ಕಾರು ಹತ್ತಿದ. ಏನು ಕಂಡನೋ ಅವನಿಗೇ ಗೊತ್ತು. ಆಮೇಲೆ ಪರದೆಯ ಮೇಲೆ ಬಣ್ಣ ಬಣ್ಣದ ಸ್ಲೈಡು ತೋರಿಸಿದ. ಕುಂದಾಪುರ ಹಸಿರು, ಬ್ರಹ್ಮಾವರ ಹಳದಿ, ಬೈಂದೂರು ಕೆಂಪು. ಇದು ಸ್ಕಿಲ್ ಗ್ಯಾಪ್, ಜೊತೆಗೆ ಮೋಟಿವೇಶನ್ ಕೊರತೆ ಎಂದ. ಅವನಿಗೆ ಹೇಳಲು ಇದ್ದದ್ದು ಧಣಿಗಳು ವರ್ಷದಿಂದ ಹೇಳುತ್ತಿದ್ದದ್ದೇ, ಇಂಗ್ಲಿಷಿನಲ್ಲಿ ಹೇಳಿದ ಎಂಬುದಷ್ಟೇ ವ್ಯತ್ಯಾಸ. ಧಣಿಗಳಿಗೆ ಎಲ್ಲಿಲ್ಲದ ಸಂತೋಷ. ತಮ್ಮ ಮಾತನ್ನೇ ಬಣ್ಣದಲ್ಲಿ ನೋಡುವುದಕ್ಕಿಂತ ದೊಡ್ಡ ಸುಖ ಮಾಲೀಕರಿಗೆ ಇಲ್ಲ ಎಂಬುದನ್ನು ನಾನು ಅಂದು ಕಲಿತೆ.

ಬೈಂದೂರಿಗೆ ತರಬೇತಿ ಎಂದಾಯಿತು. ಮಂಗಳೂರಿನಿಂದ ಒಬ್ಬ ಭಾಷಣಕಾರ ಟೈ ಕಟ್ಟಿಕೊಂಡು ಬಂದು ಹೆಂಗಸರನ್ನು ಸಾಲಾಗಿ ನಿಲ್ಲಿಸಿ, ಚಪ್ಪಾಳೆ ತಟ್ಟಿಸಿ, ‘ನಾನು ಗೆಲ್ಲುತ್ತೇನೆ’ ಎಂದು ಹೇಳಿಸಿದ. ಕಣ್ಣು ಮುಚ್ಚಿ ಇಡೀ ಬೀಜವನ್ನು ಮನಸ್ಸಿನಲ್ಲಿ ನೋಡಿ ಎಂದ. ಮುದುಕಿಯೊಬ್ಬಳು ಹಾಗೆಯೇ ನಿದ್ದೆ ಹೋದಳು. ಫೋಟೊ ತೆಗೆಯಲು ನನ್ನನ್ನು ಕಳಿಸಿದ್ದರು. ಜಲಜಕ್ಕ ನನ್ನ ಪಕ್ಕ ಬಂದು ನಿಂತರು.

“ಹ್ವಾಯ್ ಉಡುಪ್ರೆ, ಚಪ್ಪಾಳಿ ತಟ್ರೆ ಬೀಜ ಇಡೀ ಬತ್ತಾ?”

“ಇವರು ಹಾಗೆ ಹೇಳುತ್ತಾರೆ ಜಲಜಕ್ಕ.”

“ದೀಪಾವಳಿ ಒಳ್ಗೆ ಸಮ ಆಯ್ದಿರೆ ಬಾಗ್ಲ್ ಹಾಕ್ತ್ರ್ ಅಂಬ್ರ್. ಹೌದಾ?”

ಹೌದು ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅವರು ಹೋಗಿ ಹೆಂಗಸರ ಸಾಲಿನಲ್ಲಿ ನಿಂತು ಚಪ್ಪಾಳೆ ತಟ್ಟಿದರು.

ವಾಪಸು ಬಂದವನು ಅದೇ ಅಂಕಿಗಳನ್ನು ಮತ್ತೆ ಹರಡಿಕೊಂಡೆ. ಸಂದೀಪ್ ತಿಂಗಳ ಸರಾಸರಿ ನೋಡಿದ್ದ. ಸರಾಸರಿ ಎಂದರೆ ಎಲ್ಲ ದಿನಗಳನ್ನೂ ಕಲಸಿ ಉಂಡೆ ಮಾಡುವುದು, ಯಾವ ದಿನದಲ್ಲಿ ಏನಿತ್ತು ಎಂದು ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ನಾನು ಆ ಉಂಡೆ ಒಡೆದೆ. ಯಾವ ದೇಶದ ಬೀಜ, ಎಷ್ಟು ಹಳೆಯದು, ಯಾವ ಸಾಲಿನ ಹೆಂಗಸರು ಎಂದೆಲ್ಲ ಬೇರೆ ಬೇರೆ ಮಾಡಿ ನೋಡಿದೆ. ಏನೂ ಸಿಗಲಿಲ್ಲ. ಬೇಸರ ಬಂದು, ವಾರದ ದಿನ ಪ್ರಕಾರ ವಿಂಗಡಿಸಿದೆ. ಸೋಮವಾರ ಬೈಂದೂರಿನಲ್ಲಿ ತುಂಡು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಮಂಗಳವಾರದಿಂದ ಮತ್ತೆ ಮಾಮೂಲು. ಯಾವ ತಿಂಗಳು ತೆಗೆದರೂ ಹಾಗೆಯೇ.

ಇದನ್ನು ತೆಗೆದುಕೊಂಡು ಹೋಗಿ ಧಣಿಗಳ ಮುಂದಿಟ್ಟೆ. ಸಂದೀಪ್ ಅಲ್ಲೇ ಇದ್ದ. ಒಂದು ಕ್ಷಣವೂ ಯೋಚಿಸದೆ, ಸಿಂಪಲ್, ಭಾನುವಾರ ರಜೆ, ಹೆಂಗಸರಿಗೆ ರೆಸ್ಟ್ ಸಿಗುತ್ತದೆ, ಸೋಮವಾರ ಫ್ರೆಶ್ ಆಗಿರುತ್ತಾರೆ ಎಂದ. ಹಾಗಾದರೆ ಕುಂದಾಪುರದ ಹೆಂಗಸರಿಗೆ ಭಾನುವಾರ ರಜೆ ಇಲ್ಲವೇ ಎಂದು ಕೇಳಿದೆ. ಅವರ ಸೋಮವಾರಕ್ಕೂ ಬೇರೆ ದಿನಕ್ಕೂ ಏನೂ ವ್ಯತ್ಯಾಸವಿರಲಿಲ್ಲ. ರಜೆ ಎಲ್ಲ ಶೆಡ್ಡಿನ ಹೆಂಗಸರಿಗೂ ಒಂದೇ, ಆದ್ದರಿಂದ ಇದು ಹೆಂಗಸರ ವಿಷಯವಲ್ಲ, ಭಾನುವಾರದ ರಜೆ ಬೀಜಕ್ಕೂ ಇದೆ, ಅದನ್ನು ನೋಡಬೇಕು ಎಂದೆ.

ಧಣಿಗಳು ಕನ್ನಡಕ ತೆಗೆದು ನನ್ನನ್ನು ನೋಡಿದರು. “ಬೀಜಕ್ಕೆ ರಜೆಯಾ? ನಿಮ್ಗ್ ಎಂತ ಆಯ್ತ್ ಉಡುಪ್ರೆ? ಪಿತ್ತ ಗಿತ್ತ ಏರಿತಾ?”

ಸಂದೀಪ್ ನಕ್ಕ. ಡೇಟಾ ಇನ್‌ಸಫಿಷಿಯೆಂಟ್ ಎಂದ. ತನಗೆ ಅರ್ಥವಾಗದ್ದಕ್ಕೆಲ್ಲ ಅವನು ಹಾಗೆ ಹೇಳುತ್ತಿದ್ದ.

ಆ ಮಳೆಗಾಲದಲ್ಲೇ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಬೈಂದೂರಿನ ದಾರಿಯಲ್ಲಿ, ಮರವಂತೆಯಲ್ಲಿ ಕಡಲು ರಸ್ತೆಗೆ ಬಂದ ದಿನ ಬೈಂದೂರಿನ ಲಾರಿ ಕಲ್ಲು ಮಣ್ಣು ತೆಗೆಯುವವರೆಗೆ ಅಲ್ಲೇ ನಿಂತು ಮಧ್ಯಾಹ್ನಕ್ಕೆ ತಲುಪುತ್ತಿತ್ತು. ಅಂಥ ದಿನಗಳಲ್ಲೂ ಬೈಂದೂರಿನಲ್ಲಿ ತುಂಡು ಕಡಿಮೆ. ಲಾರಿ ತಡವಾದಷ್ಟು ಬೀಜ ಚೆನ್ನಾಗಿ ಬರುತ್ತದೆ ಎಂದಾಯಿತು. ಮರುದಿನ ಬೆಳಿಗ್ಗೆ ಎ.ಸಿ. ಕೋಣೆಗೆ ಹೋಗದೆ ನೇರವಾಗಿ ಬಾಯ್ಲರಿನ ಪಕ್ಕದ, ಬೇಯಿಸಿದ ಬೀಜ ಇಡುವ ಶೆಡ್ಡಿಗೆ ಹೋದೆ. ಬೈಂದೂರಿನ ಲಾರಿಗೆ ಚೀಲ ಹೇರುತ್ತಿದ್ದರು. ಒಂದು ಚೀಲದ ಬಾಯಿ ಬಿಚ್ಚಿಸಿ ಮೊಣಕೈಯವರೆಗೆ ಕೈ ಹಾಕಿದೆ. ಬೀಜ ಬಿಸಿ ಇತ್ತು.

ಬೆಂದ ಬೀಜ ಪೂರ್ತಿ ಆರಿದರೆ ಸಿಪ್ಪೆ ಗಟ್ಟಿಯಾಗಿ ಚಟ್ಟನೆ ಬಿಡುತ್ತದೆ. ಬಿಸಿ ಇದ್ದರೆ ಸಿಪ್ಪೆ ಮೆತ್ತಗಿದ್ದು, ಕತ್ತಿಯ ಪೆಟ್ಟು ಒಳಗಿನ ಬೀಜಕ್ಕೇ ಬೀಳುತ್ತದೆ. ಇದು ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಬಿಸಿ ಬೀಜ ಯಾರ ಪಾಲಿಗೆ ಹೋಗುತ್ತದೆ ಎಂದು ಮಾತ್ರ ಯಾರೂ ಕೇಳಿರಲಿಲ್ಲ. ಬೆಂದ ಬೀಜ ಇಡುವ ಆ ಶೆಡ್ಡಿಗೆ ಇದ್ದದ್ದು ಒಂದೇ ಬಾಗಿಲು. ಮಧ್ಯಾಹ್ನ ಬೆಂದ ಚೀಲಗಳು ಒಳಗೆ ಗೋಡೆಯ ಬುಡಕ್ಕೆ, ಆಮೇಲೆ ಬೆಂದವು ಅದರ ಮುಂದೆ, ಕೊನೆಗೆ ಬೆಂದವು ಬಾಗಿಲ ಬಾಯಲ್ಲಿ. ಬೆಳಿಗ್ಗೆ ಮೊದಲ ಲಾರಿಗೆ ಹೋಗುವುದು ಬಾಗಿಲ ಬಾಯಲ್ಲಿರುವ ಬಿಸಿ ಬೀಜ. ಮೊದಲ ಲಾರಿ ದಿನವೂ ಬೈಂದೂರಿಗೆ. ಶನಿವಾರ ಬೆಂದದ್ದು ಮಾತ್ರ ಭಾನುವಾರವಿಡೀ ಆರುತ್ತದೆ, ಸೋಮವಾರದ ಗುಟ್ಟು ಅಷ್ಟೇ.

ಯಾಕೆ ದಿನವೂ ಬೈಂದೂರಿಗೆ ಎಂದು ಚೀಲ ಹೇರುವವರನ್ನು ಕೇಳಿದೆ. ಮೊದಲ ಲೋಡು ಬಡಗು ದಿಕ್ಕಿಗೇ ಹೋಗಬೇಕು, ಅದು ಕುಬೇರನ ದಿಕ್ಕು, ತೆಂಕಿಗೆ ಹೋದರೆ ಯಮನ ದಿಕ್ಕು, ಜೋಯಿಸರ ಅಪ್ಪಣೆ ಎಂದರು. ಹೀಗೆ ಕುಬೇರನಿಗೆ ಕಳಿಸಿದ ಬೀಜವೆಲ್ಲ ವರ್ಷಗಟ್ಟಲೆ ತುಂಡಾಗುತ್ತಾ ಇತ್ತು. ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಮೂವತ್ತು ಪುಟದ ವರದಿ ಬರೆದು ಕೊಟ್ಟೆ. ಒಂದು ವಾರ ಮೊದಲ ಲಾರಿಯನ್ನು ಬ್ರಹ್ಮಾವರಕ್ಕೆ ಬಿಡಿ, ನಿಮಗೇ ಕಾಣುತ್ತದೆ ಎಂದು ಧಣಿಗಳನ್ನು ಬೇಡಿಕೊಂಡೆ. ಅವರು ಒಪ್ಪಲಿಲ್ಲ. ಸಂದೀಪನ ಕಂಪ್ಯೂಟರನ್ನು ನಂಬುತ್ತಾರೆ, ಜೋಯಿಸರನ್ನು ನಂಬುತ್ತಾರೆ, ಚೀಲದೊಳಗೆ ಕೈ ಹಾಕಿ ಎಂದರೆ ಮಾತ್ರ ನಂಬುವುದಿಲ್ಲ. ದೀಪಾವಳಿ ಹತ್ತಿರ ಬರುತ್ತಿತ್ತು. ಬೈಂದೂರಿನ ಶೆಡ್ಡನ್ನು ಗೋಡೌನಿಗೆ ಬಾಡಿಗೆ ಕೇಳಿ ಯಾರೋ ಬಂದು ಹೋದರು ಎಂಬ ಸುದ್ದಿಯೂ ಹಬ್ಬಿತು. ಭಾನುವಾರ ಬಸ್ಸು ಹತ್ತಿ ಹಾಲಾಡಿಗೆ ಹೋದೆ.

ಜೋಯಿಸರು ಚಾವಡಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಮೊದಲ ಲೋಡಿನ ಕಥೆ ಹೇಳಿದೆ. ಅವರು ಕೈಯಲ್ಲಿದ್ದ ಎಲೆ ಕೆಳಗಿಟ್ಟರು.

“ಹೇಳಿದ್ದ್ ಹೌದ್. ಶೆಡ್ಡ್ ಶುರು ಮಾಡಿದ್ ದಿನಕ್ಕ್ ಹೇಳಿದ್ದ್. ಇವತ್ತಿಗೂ ಅದನ್ನೇ ಮಾಡ್ತಿದ್ರಾ?”

“ದಿನವೂ ಮಾಡುತ್ತಾರೆ. ಬೇಡ ಎಂದು ನೀವೇ ಒಂದು ಮಾತು ಹೇಳಿಬಿಡಿ.”

“ಬೇಡ ಅಂದ್ರೆ ಅವ್ರ್ ಕೇಂತ್ರಾ? ಬೇರೆ ಜೋಯಿಸರ ಹತ್ರ ಹೋತ್ರ್. ಅವ್ರಿಗೆ ತೆಗಿ ಅಂದ್ರೆ ಆತಿಲ್ಲೆ ಮಾರಾಯ್ರೆ, ಸೇರ್ಸಿ ಅಂದ್ರೆ ಆತ್ತ್. ನಿಮ್ಗ್ ಎಂತ ಬೇಕ್, ಅದ್ ಹೇಳಿ.”

ನನಗೆ ಬೇಕಾದದ್ದು ಬೆಂದ ಬೀಜ ಇಡುವ ಶೆಡ್ಡಿನ ಹಿಂದುಗಡೆ ಒಂದು ಬಾಗಿಲು. ಆಗ ಮೊದಲು ಬೆಂದು ಆರಿದ ಬೀಜ ಮೊದಲು ಹೊರಗೆ ಬರುತ್ತದೆ, ಕೊನೆಗೆ ಬೆಂದದ್ದು ತನ್ನ ಸರದಿ ಬರುವಷ್ಟರಲ್ಲಿ ಆರಿರುತ್ತದೆ, ಲಾರಿ ಬಡಗಿಗೇ ಹೋಗಲಿ, ಕುಬೇರನಿಗೂ ಬೇಸರವಿಲ್ಲ. ಬಾಗಿಲು ಯಾವ ಮೂಲೆಗೆ ಬರುತ್ತದೆ ಎಂದು ಜೋಯಿಸರು ಕೇಳಿದರು. ಯೋಚಿಸಿ, ಈಶಾನ್ಯ ಎಂದೆ.

“ಈಶಾನ್ಯವಾ? ಒಳ್ಳೇದೇ ಆಯ್ತಲೆ. ಬೇರೆ ಮೂಲೆ ಆಯಿದ್ರೆ ನಾನ್ ಒಂಚೂರ್ ಯೋಚ್ನಿ ಮಾಡ್ಕಿತ್ತ್.”

ನನ್ನ ಮೂವತ್ತು ಪುಟದ ವರದಿ ಅಲುಗಾಡಿಸಲಾಗದ ಗೋಡೆಯನ್ನು ಜೋಯಿಸರ ಒಂದು ಫೋನು ಒಡೆಯಿತು. ಮುಹೂರ್ತ ನೋಡಿ, ತೆಂಗಿನಕಾಯಿ ಒಡೆದು, ಈಶಾನ್ಯದಲ್ಲಿ ಬಾಗಿಲು ಇಟ್ಟರು. ಧಣಿಗಳು ನನಗೆ, ಈ ಹೊಸ ಬಾಗಿಲಿನ ಮಹತ್ವ ನಿಮಗೆ ತಿಳಿಯುವುದಿಲ್ಲ ಎಂದು ಬುದ್ಧಿವಾದ ಹೇಳಿದರು. ತಿಳಿಯದವನ ಹಾಗೆ ತಲೆಯಾಡಿಸಿದೆ. ಮರುವಾರದಿಂದಲೇ ಬೈಂದೂರಿನ ತುಂಡು ಇಳಿಯತೊಡಗಿತು. ದೀಪಾವಳಿಯ ಹೊತ್ತಿಗೆ ಮೂರು ಶೆಡ್ಡೂ ಒಂದೇ ಸಮ.

ಸುದ್ದಿ ಹೇಳಲು ನಾನೇ ಬೈಂದೂರಿಗೆ ಹೋದೆ. ನಿಮ್ಮ ಕೈಯ ದೋಷವಲ್ಲ ಜಲಜಕ್ಕ, ನಿಮಗೆ ಬರುತ್ತಿದ್ದದ್ದು ಬಿಸಿ ಬೀಜ ಎಂದೆ. ಅವರಿಗೆ ಆಶ್ಚರ್ಯವಾಯಿತು.

“ನಾವ್ ಅದ್ ನಮ್ಮ ಪುಣ್ಯ ಅಂದೇಳಿ ಎಣ್ಸ್ಕಂಡಿತ್ತ್. ಮಳಿಗಾಲದಗೆ ಬೆಳಿಗ್ಗೆ ಬಂದ್ ಕೂಕಂಡ್ರೆ ಕೈ ಬೆಚ್ಚಗಾತಿತ್ತ್. ಕುಂದಾಪ್ರದವ್ರಿಗೆ ಈ ಸುಖ ಇಲ್ಲೆ ಅಂದೇಳಿ ನೆಗಿ ಆಡ್ತಿತ್ತ್.”

ಹೀಗೆ ಹೇಳಿ ನಕ್ಕರು. ಆಮೇಲೆ ಒಳಗೆ ಕೂತಿದ್ದ ಹೆಂಗಸರ ಕಡೆ ನೋಡಿ, “ಇಷ್ಟ್ ವರ್ಷ ನನ್ನ ಹೆಂಗ್ಸ್ರಿಗೆ ನಾನೂ ಬೈದೆ ಅಲ್ದಾ ಉಡುಪ್ರೆ” ಎಂದರು. ಅವರ ಎದುರಿಗೇ ಒಳಗೆ ಹೋಗಿ ಹೆಂಗಸರಿಗೆಲ್ಲ ಕಾರಣ ಬಿಡಿಸಿ ಹೇಳಿದೆ. ಬೀಜ ಬಿಸಿ ಇದ್ದರೆ ಮುಟ್ಟಬೇಡಿ, ಹರಡಿ ಇಡಿ, ಆರಿದ ಮೇಲೆಯೇ ಕೂತುಕೊಳ್ಳಿ ಎಂದೆ.

ದೀಪಾವಳಿಯ ಲಕ್ಷ್ಮೀಪೂಜೆಯ ದಿನ ಧಣಿಗಳು ಭಾಷಣ ಮಾಡಿ ಮೊದಲು ಜೋಯಿಸರಿಗೂ, ಆಮೇಲೆ ಸಂದೀಪನಿಗೂ, ಕೊನೆಗೆ ಚಪ್ಪಾಳೆ ಹೊಡೆಸಿದವನಿಗೂ ಶಾಲು ಹೊದಿಸಿದರು. ಕೆಂಪು ಬೈಂದೂರು ಹಸಿರಾದ ಗ್ರಾಫಿಗೆ ಸಂದೀಪ್ ‘ತರಬೇತಿಯ ನಂತರ’ ಎಂದು ತಲೆಬರಹ ಹಾಕಿ ಕಟ್ಟು ಹಾಕಿಸಿದ. ಅದು ಆಫೀಸಿನ ಗೋಡೆಯ ಮೇಲೆ ನಾನು ನಿವೃತ್ತನಾಗುವವರೆಗೂ ಇತ್ತು. ದಿನವೂ ಅದರ ಕೆಳಗೆ ಕೂತು ಚಹಾ ಕುಡಿದಿದ್ದೇನೆ, ಚಹಾ ಒಂದು ದಿನವೂ ರುಚಿಸಲಿಲ್ಲ.

ನಾನು ಬಿಟ್ಟ ಮೇಲೆ ಧಣಿಗಳ ಮಗ ವ್ಯವಹಾರ ವಹಿಸಿಕೊಂಡರು. ಗೋಡೆಯ ಮೇಲೆ ದೊಡ್ಡ ಪರದೆ ಬಂತು, ಅದನ್ನು ನೋಡಿಕೊಳ್ಳಲು ಎಂ.ಬಿ.ಎ. ಮಾಡಿದ ಪ್ರಜ್ವಲ್ ಎಂಬ ಮ್ಯಾನೇಜರು ಬಂದರು. ಒಂದು ದಿನ ಅವರ ಫೋನು. ಬಹಳ ವಿನಯದ ಮನುಷ್ಯ.

“ಸಾರ್, ಬೈಂದೂರಿನಲ್ಲಿ ಹೆಂಗಸರು ಬೆಳಿಗ್ಗೆ ಎರಡು ಗಂಟೆ ಸುಮ್ಮನೆ ಕೂತಿರುತ್ತಾರೆ. ಸಿಸ್ಟಮ್ಮಿನಲ್ಲಿ ಐಡಲ್ ಟೈಮ್ ಪೂರ್ತಿ ಕೆಂಪು. ಶೆಡ್ ಮುಚ್ಚುವ ಪ್ರಪೋಸಲ್ ರೆಡಿ ಮಾಡಿದ್ದೇನೆ. ಮೊದಲೂ ಅಲ್ಲಿ ಮೋಟಿವೇಶನ್ ಪ್ರಾಬ್ಲಮ್ ಇತ್ತಂತೆ?”

ನನಗೆ ಥಟ್ಟನೆ ಹೊಳೆಯಿತು. “ಬೀಜದ ಶೆಡ್ಡಿಗೆ ಹಿಂದುಗಡೆ ಒಂದು ಬಾಗಿಲಿತ್ತಲ್ಲ?”

“ಅದನ್ನು ಕ್ಲೋಸ್ ಮಾಡಿಸಿದೆವು ಸಾರ್. ಎರಡು ಬಾಗಿಲಿಗೆ ಎರಡು ವಾಚ್‌ಮನ್ ವೇಸ್ಟ್ ಅಂತ ರಿಪೋರ್ಟಿನಲ್ಲಿ ಬಂತು.”

ಹೆಂಗಸರು ಸುಮ್ಮನೆ ಕೂತದ್ದಲ್ಲ, ನೀವು ಕಳಿಸಿದ ಬಿಸಿ ಬೀಜವನ್ನು ಹರಡಿ ಆರಿಸುತ್ತಿದ್ದಾರೆ, ನಿಮ್ಮ ಮಾಲನ್ನು ಉಳಿಸುತ್ತಿದ್ದಾರೆ ಎಂದು ಮೊದಲಿನಿಂದ ಎಲ್ಲ ಹೇಳಿದೆ. ಅವರು ಗಮನವಿಟ್ಟು ಕೇಳಿದರು. “ಆದರೆ ಸಾರ್, ಆರಿಸುವುದು ಎಂಬ ಕಾಲಮ್ ನಮ್ಮ ಸಿಸ್ಟಮ್ಮಿನಲ್ಲಿ ಇಲ್ಲ. ಪ್ರಪೋಸಲ್ ನಾಡಿದ್ದು ಮೀಟಿಂಗಿಗೆ ಹೋಗುತ್ತದೆ” ಎಂದರು.

ಇವರ ಜೊತೆ ವಾದಿಸಿ ಪ್ರಯೋಜನವಿಲ್ಲ ಎಂದು ಅನುಭವದಿಂದ ಗೊತ್ತಿತ್ತು. ಫೋನಿಟ್ಟು ಹಳೇ ಧಣಿಗಳ ಮನೆಗೆ ಫೋನು ಮಾಡಿದೆ. ಅವರು ಮಂಚ ಹಿಡಿದು ವರ್ಷವಾಗಿತ್ತು, ಧ್ವನಿ ಮಾತ್ರ ಹಾಗೆಯೇ ಇತ್ತು. ಬೈಂದೂರಿನ ಹೆಸರೆತ್ತಲಿಲ್ಲ, ಬೀಜದ ಹೆಸರೆತ್ತಲಿಲ್ಲ. ಈಶಾನ್ಯದ ಬಾಗಿಲು ಮುಚ್ಚಿದ್ದಾರಂತೆ, ನಿಮಗೆ ಗೊತ್ತಿರಲಿ ಎಂದು ಹೇಳಿದೆ, ಅಷ್ಟೇ.

“ಎಂತ? ಯಾರ್ ಮುಚ್ಚಿದ್ದ್? ಜೋಯಿಸರ್ ಹೇಳಿ ಇಡ್ಸಿದ್ ಬಾಗ್ಲ್ ಅದ್! ಕಾರ್ ತೆಗಿನಿ, ಈಗ್ಳೇ ಹೋತೆ ನಾನ್” ಎಂದು ಕೂಗಿದರು. ಹೋಗುವ ಶಕ್ತಿ ಅವರಿಗಿರಲಿಲ್ಲ, ಕೂಗುವ ಶಕ್ತಿಯೇ ಸಾಕಾಯಿತು. ಮರುದಿನ ಬೆಳಗಿನ ಲಾರಿಗೆ ಮೊದಲೇ ಬಾಗಿಲು ತೆರೆದಿತ್ತು.

ವಾರ ಕಳೆದು ಪ್ರಜ್ವಲ್ ಮತ್ತೆ ಫೋನು ಮಾಡಿದರು. ಬೈಂದೂರು ಹಸಿರಾಗಿದೆ, ಪ್ರಪೋಸಲ್ ಹಿಂದಕ್ಕೆ ತೆಗೆದುಕೊಂಡೆವು ಎಂದರು. ಆಮೇಲೆ ಸ್ವಲ್ಪ ಅಳುಕುತ್ತಾ, “ಸಾರ್, ಬಾಗಿಲು ತೆರೆದದ್ದಕ್ಕೆ ಸಿಸ್ಟಮ್ಮಿನಲ್ಲಿ ಕಾರಣ ಕೊಡಬೇಕಿತ್ತು. ದೊಡ್ಡ ಧಣಿಗಳು ಹೇಳಿದರು ಅಂತ ‘ವಾಸ್ತು’ ಎಂದು ಹಾಕಿದ್ದೇನೆ. ಬೇಕಾದರೆ ನೀವು ಹೇಳಿದ ನಿಜವಾದ ಕಾರಣವನ್ನೇ ಹಾಕಿಸುತ್ತೇನೆ” ಎಂದರು.

ಬೇಡ, ಹಾಗೆಯೇ ಇರಲಿ ಎಂದೆ. ನಿಜವಾದ ಕಾರಣ ಬರೆದರೆ ನಿಮ್ಮ ನಂತರ ಬರುವವರು ಓದಿ, ವಾಚ್‌ಮನ್ ಖರ್ಚಿನ ಜೊತೆ ತೂಗಿ ಮತ್ತೆ ಮುಚ್ಚಿಸುತ್ತಾರೆ, ವಾಸ್ತು ಎಂದಿದ್ದರೆ ಜಲಜಕ್ಕನ ಹೆಂಗಸರ ಕೆಲಸಕ್ಕೆ ಯಾರೂ ಕೈ ಹಾಕುವುದಿಲ್ಲ ಎಂದೆ.